ಒಂದೇ ಕ್ಲಿಕ್ಕಿಗೆ ವರ್ಡ್ ಕಡತ ಡಿಟಾ ಆಗುವುದಿಲ್ಲ

ತಾಂತ್ರಿಕ ಕೈಪಿಡಿಗಳನ್ನು ರಚಿಸಿ ಪ್ರಕಟಿಸುವ ತಂತ್ರಾಂಶಗಳ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಯಾವುದನ್ನು ಕೊಳ್ಳಬೇಕು’ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರಿಸಿ ಬೇಸತ್ತು, ಈ ಬಾರಿ ಮುಖ್ಯವಾಗಿ ಒಂದು ಪತ್ರವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ; ಕೊನೆಗೆ ಇನ್ನು ಕೆಲವು ಪ್ರಶ್ನೆಗಳಿವೆ. ಎಕ್ಸ್‌ಎಂಎಲ್ ಎಂದರೆ ಪಠ್ಯದ ಪ್ರತಿ ಭಾಗಕ್ಕೂ ಅದು ಏನೆಂಬ ಗುರುತು ಹಾಕಿಡುವ ವಿಧಾನ, ಡಿಟಾ ಎಂದರೆ ಕೈಪಿಡಿಗಳಿಗಾಗಿ ಅದರ ಮೇಲೆ ಕಟ್ಟಿದ ನಿಯಮಗಳ ಚೌಕಟ್ಟು. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮದು ಪಂಪ್ ತಯಾರಿಸುವ ಕಾರ್ಖಾನೆ. ಮೂರು ಮಾದರಿಗಳ ಕೈಪಿಡಿಗಳು ವರ್ಡ್‌ನಲ್ಲಿವೆ. ಒಂದು ಎಚ್ಚರಿಕೆ ಬದಲಾದರೆ ಮೂರು ಕಡೆ ತಿದ್ದಬೇಕು. ಎಲ್ಲವನ್ನೂ ಒಂದೇ ಕ್ಲಿಕ್ಕಿನಲ್ಲಿ ಡಿಟಾಗೆ ಪರಿವರ್ತಿಸಿಕೊಡುವುದಾಗಿ ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ಯಾವ ತಂತ್ರಾಂಶ ಕೊಳ್ಳಬೇಕು?

ಉತ್ತರ: ಮೊದಲು ಆ ಸಲಹೆಗಾರರಿಗೆ ಕಾಫಿ ಕೊಟ್ಟು ಕಳುಹಿಸಿಬಿಡಿ. ಐಬಿಎಂ ರೂಪಿಸಿ, 2005ರಲ್ಲಿ ಓಯಾಸಿಸ್ ಸಂಸ್ಥೆ ಮಾನಕವೆಂದು ಅಂಗೀಕರಿಸಿದ ಡಿಟಾ, ಒಂದು ಪ್ಯಾರಾ ಹೇಗೆ ಕಾಣುತ್ತದೆ ಎಂದು ಕೇಳುವುದಿಲ್ಲ, ಅದು ಏನು ಎಂದು ಕೇಳುತ್ತದೆ. ನಿಮ್ಮ ವರ್ಡ್ ಕಡತದಲ್ಲಿ ಇರುವುದು ಕಾಣುವ ರೂಪ ಮಾತ್ರ. ‘ಒತ್ತಡ ಸೊನ್ನೆಗೆ ಇಳಿದಿದೆಯೇ ನೋಡಿಕೊಂಡು, ಬೋಲ್ಟುಗಳನ್ನು ಸಡಿಲಿಸಿ, ಗ್ಯಾಸ್ಕೆಟ್ ಹೊರತೆಗೆದು, ಹಾಳಾಗಿದ್ದರೆ ಬದಲಿಸಿ’ ಎಂಬ ಒಂದೇ ವಾಕ್ಯವನ್ನು ತೆಗೆದುಕೊಳ್ಳಿ. ಇದರಲ್ಲಿ ಕೆಲಸಕ್ಕೆ ಮೊದಲು ಪೂರೈಸಬೇಕಾದ ಒಂದು ಷರತ್ತು, ಎರಡು ಹೆಜ್ಜೆಗಳು, ಪರಿಸ್ಥಿತಿ ನೋಡಿ ಮಾಡಬೇಕಾದ ಇನ್ನೊಂದು ಹೆಜ್ಜೆ, ಹೀಗೆ ನಾಲ್ಕು ಸಂಗತಿಗಳು ಹೆಣೆದುಕೊಂಡಿವೆ. ಡಿಟಾದ ಟಾಸ್ಕ್ ಟಾಪಿಕ್ಕಿನಲ್ಲಿ (ಒಂದು ಕೆಲಸವನ್ನು ಮಾಡುವ ಬಗೆ ಹೇಳುವ ಬಿಡಿ ತುಣುಕಿನಲ್ಲಿ) ಷರತ್ತು ‘ಪ್ರೀರೆಕ್’ ಎಂಬ ಅಂಶಕ್ಕೆ ಸೇರಬೇಕು. ಪ್ರತಿ ‘ಸ್ಟೆಪ್’ನಲ್ಲಿ ‘ಸಿಎಂಡಿ’ ಎಂಬ ಒಂದೇ ಆದೇಶ ಇರಬೇಕು. ಪರಿವರ್ತಕ ತಂತ್ರಾಂಶ ಇಡೀ ವಾಕ್ಯವನ್ನು ಒಂದು ಸಿಎಂಡಿಗೆ ತುರುಕಿ, ಕಡತ ನಿಯಮಬದ್ಧವಾಗಿದೆ ಎಂದು ಹಸಿರು ಗುರುತು ತೋರಿಸುತ್ತದೆ. ಒತ್ತಡ ಇಳಿಯದ ಪಂಪಿನ ಬೋಲ್ಟು ಬಿಚ್ಚಿದವನಿಗೆ ಆ ಗುರುತಿನಿಂದ ಪ್ರಯೋಜನವಿಲ್ಲ. ಈ ಬಿಡಿಸುವ ಕೆಲಸವನ್ನು ಪಂಪನ್ನು ಬಲ್ಲವರೇ ಕುಳಿತು ಮಾಡಬೇಕು, ಮತ್ತು ಅದಕ್ಕೆ ತಗಲುವ ಸಮಯದ ಮುಂದೆ ತಂತ್ರಾಂಶದ ಬೆಲೆ ಸಣ್ಣದು.

ಬಿಡಿಸಿಕೊಂಡ ಮೇಲೆ ನಿಮ್ಮ ತೊಂದರೆಗೆ ಪರಿಹಾರ ಸುಲಭ. ಎಚ್ಚರಿಕೆಗಳನ್ನೆಲ್ಲ ಒಂದೇ ಕಡತದಲ್ಲಿಟ್ಟು, ಬೇಕಾದಲ್ಲಿಗೆ ಕಾನ್‌ರೆಫ್ (ಬೇರೆಡೆ ಬರೆದಿಟ್ಟ ಭಾಗವನ್ನು ತಂದು ತೋರಿಸುವ ಕೊಂಡಿ) ಮೂಲಕ ಕರೆಸಿಕೊಳ್ಳಿ. ಮೂರು ಮಾದರಿಗಳಿಗೆ ಮೂರು ಮ್ಯಾಪ್‌ಗಳನ್ನು, ಅಂದರೆ ಯಾವ ಟಾಪಿಕ್ಕುಗಳು ಯಾವ ಕ್ರಮದಲ್ಲಿ ಬರಬೇಕೆಂಬ ಪಟ್ಟಿಗಳನ್ನು, ಮಾಡಿ. ಒಂದು ಮಾದರಿಗಷ್ಟೇ ಅನ್ವಯಿಸುವ ಹೆಜ್ಜೆಗಳಿಗೆ ಗುರುತು ಹಾಕಿ, ಉಳಿದ ಮಾದರಿಗಳಲ್ಲಿ ಅವು ಬಾರದಂತೆ ಡಿಟಾವ್ಯಾಲ್ ಕಡತದಿಂದ ಸೋಸಿ. ಆದರೆ ಮರುಬಳಕೆಯ ಹುಚ್ಚು ಹಿಡಿಸಿಕೊಂಡು ಪದಪದಗಳನ್ನೂ ಹೀಗೆ ಕರೆಸಿಕೊಳ್ಳಬೇಡಿ. ಕನ್ನಡದಲ್ಲಂತೂ ಇದು ಕೆಡುವುದು ಖಚಿತ: ಸಾಧನದ ಹೆಸರು ಕೀರೆಫ್‌ನಿಂದ (ಒಂದೆಡೆ ಬರೆದಿಟ್ಟ ಹೆಸರನ್ನು ಬೇಕಾದಲ್ಲಿ ತುಂಬಿಸುವ ಕೊಂಡಿಯಿಂದ) ಬಂದು ಅದರ ಕೊನೆಗೆ ನೀವು ವಿಭಕ್ತಿ ಪ್ರತ್ಯಯವನ್ನು ಕೈಯಿಂದ ಬರೆದಿದ್ದರೆ, ‘ಪಂಪಿಗೆ’ ಎಂದಿದ್ದ ಕಡೆ ‘ಯಂತ್ರಕ್ಕೆ’ ಬರಬೇಕಾದಾಗ ‘ಯಂತ್ರಿಗೆ’ ಎಂದು ಅಚ್ಚಾಗುತ್ತದೆ. ಇಡೀ ಹೆಜ್ಜೆ, ಇಡೀ ಎಚ್ಚರಿಕೆ, ಇಡೀ ಟಾಪಿಕ್, ಇವಿಷ್ಟೇ ಮರುಬಳಕೆಯ ಘಟಕಗಳಾಗಿರಲಿ.

ಈಗ ತಂತ್ರಾಂಶ. ಅತಿ ಚಿಕ್ಕ ಮಾದರಿಯ ಒಂದು ಅಧ್ಯಾಯವನ್ನಷ್ಟೇ ತೆಗೆದುಕೊಂಡು, ಉಚಿತವಾಗಿ ಸಿಗುವ ಡಿಟಾ ಓಪನ್ ಟೂಲ್‌ಕಿಟ್‌ನಲ್ಲಿ ಪ್ರಕಟಿಸಿ ನೋಡಿ. ಬರವಣಿಗೆಗೆ ಆಕ್ಸಿಜನ್ ಎಕ್ಸ್‌ಎಂಎಲ್‌ನಂಥ ಸಂಪಾದಕ ಸಾಕು. ಮುದ್ರಿತ ಪುಟಗಳ ವಿನ್ಯಾಸವೇ ನಿಮಗೆ ಮುಖ್ಯವಾಗಿದ್ದರೆ ಅಡೋಬಿ ಫ್ರೇಮ್‌ಮೇಕರ್ ಪರಿಶೀಲಿಸಬಹುದು. ಮ್ಯಾಡ್‌ಕ್ಯಾಪ್ ಫ್ಲೇರ್ ಒಳ್ಳೆಯದೇ, ಆದರೆ ಅದರ ಮೂಲ ಕಡತಗಳು ಅದರದೇ ಎಕ್ಸ್‌ಎಚ್‌ಟಿಎಂಎಲ್ ರೂಪದವು, ಡಿಟಾ ಅಲ್ಲ ಎಂಬುದು ತಿಳಿದಿರಲಿ. ಇಬ್ಬರೋ ಮೂವರೋ ಬರೆಯುವ ಕಡೆ ದುಬಾರಿ ವಿಷಯ ನಿರ್ವಹಣಾ ವ್ಯವಸ್ಥೆ ಬೇಡ. ಎಲ್ಲವೂ ಪಠ್ಯ ಕಡತಗಳಾದ್ದರಿಂದ, ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಸಾಕಾಗುತ್ತದೆ.

ಪ್ರಶ್ನೆ: ಫ್ರೇಮ್‌ಮೇಕರ್ ಕಲಿತರೆ ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್ ಕೆಲಸ ಸಿಗುತ್ತದೆಯೇ?

ಉತ್ತರ: ಗುಂಡಿ ಒತ್ತುವುದನ್ನಷ್ಟೇ ಕಲಿಸಿ ಪ್ರಮಾಣಪತ್ರ ಕೊಡುವವರನ್ನೇ ಕೇಳಿ.

ಪ್ರಶ್ನೆ: ಮಾರ್ಕ್‌ಡೌನ್ ಇರುವಾಗ ಇಷ್ಟೆಲ್ಲ ಏಕೆ?

ಉತ್ತರ: ಮಾರ್ಕ್‌ಡೌನ್ ಎಂದರೆ ಕೆಲವೇ ಸರಳ ಚಿಹ್ನೆಗಳಿಂದ ಪಠ್ಯವನ್ನು ರೂಪಿಸುವ ಬಗೆ. ತಂತ್ರಾಂಶದ ಜೊತೆಗೇ ಬೆಳೆಯುವ, ಪ್ರೋಗ್ರಾಮರುಗಳೇ ಬರೆಯುವ ದಾಖಲೆಗಳಿಗೆ ಅದು ಸಾಕು. ಎಚ್ಚರಿಕೆ ಯಾವುದು, ಹೆಜ್ಜೆ ಯಾವುದು ಎಂಬ ಭೇದ ಮೂಲ ಮಾರ್ಕ್‌ಡೌನಿಗೆ ತಿಳಿಯದು. ಡಿಟಾ ಭಾರವೆನಿಸಿ, ಮಾರ್ಕ್‌ಡೌನ್ ಸಾಲದೆ ಹೋದವರು ಅದೇ ಬಗೆಯ, ಅದಕ್ಕಿಂತ ಸಮೃದ್ಧವಾದ ಆಸ್ಕಿಡಾಕ್ ನೋಡಲಿ, ಇಲ್ಲವೇ ಪೈಥಾನ್ ಭಾಷೆಯ ದಾಖಲೆಗಳಿಗಾಗಿ ಹುಟ್ಟಿದ ಸ್ಫಿಂಕ್ಸ್ ಎಂಬ ಪ್ರಕಟಣಾ ತಂತ್ರಾಂಶ ನೋಡಲಿ.

ಪ್ರಶ್ನೆ: ನಮ್ಮ ಕನ್ನಡ ಕೈಪಿಡಿ ಹಳೆಯ ನುಡಿ ಫಾಂಟಿನಲ್ಲಿದೆ. ನೇರವಾಗಿ ಎಕ್ಸ್‌ಎಂಎಲ್‌ಗೆ ಹಾಕಬಹುದೇ?

ಉತ್ತರ: ಹಾಕಬಾರದು. ಆ ಕಡತದಲ್ಲಿರುವುದು ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಫಾಂಟ್ ಕಳಚಿದ ಕೂಡಲೇ ಅದು ಕಸ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಸಾಲುಸಾಲಾಗಿ ಪರಿಶೀಲಿಸಿ. ಅನಂತರ ಪಿಡಿಎಫ್ ಪರೀಕ್ಷೆ ಮಾಡಿ: ‘ರಾಷ್ಟ್ರ’, ‘ತೀಕ್ಷ್ಣ’, ‘ಕಾರ್ಯ’, ‘ವೈಶಿಷ್ಟ್ಯ’ ಎಂಬ ಪದಗಳಿರುವ ಒಂದು ಪುಟವನ್ನು ಪ್ರಕಟಿಸಿ ನೋಡಿ. ಓಪನ್ ಟೂಲ್‌ಕಿಟ್ಟಿನೊಂದಿಗೆ ಬರುವ, ಪಿಡಿಎಫ್ ತಯಾರಿಸುವ ಅಪಾಚೆ ಎಫ್‌ಒಪಿಯನ್ನು ಕನ್ನಡದ ಮಟ್ಟಿಗೆ ನಾನು ನಂಬುವುದಿಲ್ಲ. ಅದೇ ಮೂಲದಿಂದ ಎಚ್‌ಟಿಎಂಎಲ್5 ಪುಟಗಳನ್ನು ತೆಗೆದು, ಬ್ರೌಸರಿನಲ್ಲಿ ತೆರೆದು, ಅಲ್ಲಿಂದಲೇ ಪಿಡಿಎಫ್ ಮಾಡಿಕೊಂಡರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ವಿನ್ಯಾಸದ ಹಟವನ್ನು ಮಾತ್ರ ಸ್ವಲ್ಪ ಬಿಡಬೇಕಾಗುತ್ತದೆ.