ಜೂನ್ 1ರಂದು ಹುಟ್ಟಿದವರ ಸೀಮೆಯಿಂದ

"ಪ್ರಾಪ್ತ ವಯಸ್ಸು ದೇಶಕ್ಕೆಲ್ಲ ಹದಿನೆಂಟು ಎಂದರೆ ಹದಿನೆಂಟು, ನಿಮ್ಮ ಬೀದರಿನವರಿಗೆ ಅಷ್ಟು ಲೆಕ್ಕವೂ ಬರುವುದಿಲ್ಲವೇ?" ಎಂದು ಕೇಳಿದ್ದೀಯ. ಲೆಕ್ಕ ಬರುತ್ತದೆ. ಬೆಂಗಳೂರಿನಲ್ಲಿ ಕುಳಿತು ಒಂದೇ ಲೆಕ್ಕ ಇಟ್ಟುಕೊಂಡು ಬದುಕಬಹುದು. ಬೀದರ್ ಜಿಲ್ಲೆಯ ಗಡಿಯಲ್ಲಿರುವ ನಮ್ಮ ಕಮಲನಗರದಲ್ಲಿ ಅದು ಸಾಧ್ಯವಿಲ್ಲ.

ವಿಕಾರಾಬಾದಿನಿಂದ ಲಾತೂರು ರೋಡಿಗೆ ಹೋಗುವ ರೈಲು ಜಹೀರಾಬಾದ್, ಬೀದರ್, ಭಾಲ್ಕಿ, ಕಮಲನಗರಗಳನ್ನು ಹಾದು ಮಹಾರಾಷ್ಟ್ರದ ಉದಗೀರ್ ತಲುಪುವಷ್ಟರಲ್ಲಿ ತೆಲಂಗಾಣ, ಕರ್ನಾಟಕ ಸೇರಿ ಮೂರು ರಾಜ್ಯಗಳನ್ನು ಮುಟ್ಟಿರುತ್ತದೆ. 1956ರವರೆಗೆ ಉದಗೀರ್, ನಿಲಂಗಾ, ಜಹೀರಾಬಾದ್, ನಾರಾಯಣಖೇಡಗಳೆಲ್ಲ ನಮ್ಮ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಆಮೇಲೆ ನೆಲ ಹಂಚಿಹೋಯಿತು, ಬೀಗತನ ಹಂಚಿಹೋಗಲಿಲ್ಲ. ನಾವು ಇಂದಿಗೂ ಹೆಣ್ಣು ಕೊಡುವುದು, ತರುವುದು ಅಲ್ಲಿಂದಲೇ.

ಈಗ ಮದುವೆಯ ವಯಸ್ಸನ್ನೇ ತೆಗೆದುಕೊ. ಹೆಣ್ಣಿಗೆ 18, ಗಂಡಿಗೆ 21 ಎಂಬುದು ಎಲ್ಲ ಕಡೆಗೂ ಒಂದೇ. ಆದರೆ ಅದಕ್ಕೆ ಮೊದಲೇ ಮದುವೆ ಮಾಡಿದರೆ ಏನಾಗುತ್ತದೆ ಎಂಬುದು ಒಂದೇ ಅಲ್ಲ. ಕರ್ನಾಟಕವು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು, ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದು ಸಾರಿದೆ. ಅದೇ ಮದುವೆ ಉದಗೀರಿನಲ್ಲಿ ನಡೆದರೆ, ಆ ಹುಡುಗಿಯೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳುವವರೆಗೆ ಊರ್ಜಿತವಾಗಿಯೇ ಉಳಿಯುತ್ತದೆ. ಅದಕ್ಕೂ ಅವಳು ಪ್ರಾಯಕ್ಕೆ ಬಂದ ಮೇಲೆ ಎರಡು ವರ್ಷಗಳ ಗಡುವು ಮಾತ್ರ. ಇನ್ನು ಇಪ್ಪತ್ತು ವರ್ಷದ ನಮ್ಮ ಹುಡುಗ 1989ರಿಂದ ಜಾರಿಯಲ್ಲಿರುವ ನಿಯಮದಂತೆ ಮತ ಹಾಕುತ್ತಾನೆ, ಸಾಲದ ಕಾಗದಕ್ಕೆ ಸಹಿ ಮಾಡುತ್ತಾನೆ, ಲಾರಿ ಓಡಿಸುವ ಪರವಾನಗಿಯನ್ನೂ ಪಡೆಯುತ್ತಾನೆ. ಅವನು ಮದುವೆಯಾದರೆ ಮಾತ್ರ ಕಾನೂನಿನ ಕಣ್ಣಿಗೆ ಬಾಲಕ.

ಆದರೂ ನಮ್ಮನ್ನು ಹೆಚ್ಚು ಸುಸ್ತು ಮಾಡುವುದು ಈ ಸಂಖ್ಯೆಗಳಲ್ಲ, ಹುಟ್ಟಿದ ದಿನವನ್ನು ರುಜುವಾತು ಮಾಡುವ ಕೆಲಸ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ತವರು ಗಡಿಯಾಚೆ. ಜನನವನ್ನು ನೋಂದಾಯಿಸಬೇಕಾದದ್ದು ಮಗು ಹುಟ್ಟಿದ ಊರಿನಲ್ಲಿ. ಬಾಣಂತನ ಮುಗಿಸಿ ಈಚೆ ಬಂದವರು ಅದನ್ನು ಮರೆಯುತ್ತಾರೆ. ಒಂದು ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯೇ ಇಲ್ಲ. ಆಮೇಲೆ ಮಗುವನ್ನು ಶಾಲೆಗೆ ಕರೆದುಕೊಂಡು ಹೋದಾಗ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಾರೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದೇ ದಿನ ಹುಟ್ಟಿದವರು.

ನನ್ನ ತಂಗಿ ಹುಟ್ಟಿದ್ದು 2004ರ ನವೆಂಬರಿನಲ್ಲಿ, ಉದಗೀರಿನ ಹತ್ತಿರ, ಅಜ್ಜಿಯ ಮನೆಯಲ್ಲಿ. ಶಾಲೆಯ ದಾಖಲೆಯಲ್ಲಿ ಅವಳದ್ದು 2004ರ ಜೂನ್ 1. 2022ರಲ್ಲಿ ಸಂಬಂಧವೊಂದು ಬಂದಾಗ ಹಿರಿಯರು ಆ ಶಾಲಾ ಪ್ರಮಾಣಪತ್ರವನ್ನೇ ಮುಂದಿಟ್ಟು, ಜೂನ್ ಮೊದಲ ವಾರದಲ್ಲೇ ಅಕ್ಷತೆ ಹಾಕಿಬಿಡೋಣ ಎಂದರು. "ದೊಡ್ಡಾಕಿ ಆಗ್ಯಾಳ, ಕಾಗದಾನೂ ಅದ, ಇನ್ನೇನು?" ಎಂಬುದು ಅವರ ಮಾತು. ಹೆತ್ತ ತಾಯಿಗೆ ಗೊತ್ತಿತ್ತು, ಮಗಳಿಗೆ ಇನ್ನೂ ಹದಿನೇಳು. ಬಾಲನ್ಯಾಯ ಕಾಯ್ದೆಯೂ ವಯಸ್ಸಿನ ಪ್ರಶ್ನೆ ಎದ್ದಾಗ ಮೊದಲು ಶಾಲೆಯ ದಾಖಲೆಯನ್ನೇ ನೋಡು, ಜನನ ಪ್ರಮಾಣಪತ್ರ ಆಮೇಲೆ ಎನ್ನುತ್ತದೆ. ಹೀಗಾಗಿ ಮಾಸ್ತರರು ಅಂದಾಜಿನಿಂದ ಬರೆದ ದಿನಾಂಕವು ತಾಯಿಯ ನೆನಪಿಗಿಂತ ತೂಕದ್ದಾಯಿತು. ನಾನು ಮತ್ತು ಅವ್ವ ಪಟ್ಟು ಹಿಡಿದು ಕುಳಿತೆವು. ಮದುವೆ ಮುಂದಿನ ವರ್ಷಕ್ಕೆ ಹೋಯಿತು. ಎರಡು ಮನೆಗಳು ನಮ್ಮೊಡನೆ ಮಾತು ಬಿಟ್ಟವು.

ಆದ್ದರಿಂದ ನನ್ನ ಉತ್ತರ ಇದು. ಪ್ರಾಪ್ತ ವಯಸ್ಸು ಒಂದೇ ಇರಬೇಕು. ಲಾರಿಗೆ 20, ಶಾಸಕನಾಗಲು 25 ಎಂದರೆ ಅದು ಕೌಶಲ, ಅನುಭವಗಳ ಮಾತು, ಇರಲಿ. ಮತ, ಸಹಿ, ಮದುವೆ ಈ ಮೂರಕ್ಕೂ ಗಂಡು ಹೆಣ್ಣೆನ್ನದೆ, ಗಡಿಯ ಆಚೆ ಈಚೆ ಎನ್ನದೆ 18 ಸಾಕು; ಕಾನೂನು ಆಯೋಗವು 2008ರಲ್ಲೇ ಮದುವೆಗೆ ಇಬ್ಬರಿಗೂ 18 ಇರಲಿ ಎಂದಿತ್ತು. ಆದರೆ ಆ ಹದಿನೆಂಟನ್ನು ಎಣಿಸಲು ಮೊದಲ ದಿನ ಸರಿಯಾಗಿರಬೇಕಲ್ಲ? 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಆಧಾರ ಎಂದು ಕಾನೂನು ಬದಲಾಗಿರುವುದು ನನಗೆ ನಿಜವಾದ ಸಂತೋಷ ಕೊಟ್ಟ ಸುದ್ದಿ. ಅದಕ್ಕೆ ಮೊದಲು ಹುಟ್ಟಿದವರ ಪಾಡು ಹಾಗೆಯೇ ಇದೆ. ತಂಗಿಯ ದಿನಾಂಕ ತಿದ್ದಿಸಲು ಹೋದಾಗ ಈಚೆಯ ಕಚೇರಿಯವರು ಆಚೆಯ ಮರಾಠಿ ದಾಖಲೆ ತನ್ನಿ ಎಂದರು, ಆಚೆಯವರು ಈಚೆಯ ಶಾಲಾ ದಾಖಲೆ ತನ್ನಿ ಎಂದರು. ಆ ಶಾಲಾ ದಾಖಲೆಯಲ್ಲಿ ಇರುವುದು ಜೂನ್ 1.