ಮೃಗಾಲಯದ ಪ್ರಾಣಿಗಳಿಗೆ ಜನ ಅಭ್ಯಾಸವಾಗಿಬಿಡುತ್ತಾರೆಯೇ?

ಹುಟ್ಟಿದಾಗಿನಿಂದ ಬೋನಿನಲ್ಲೇ ಇರುವ ಪ್ರಾಣಿಯನ್ನು ನಾವು ಹೋಗಿ ನೋಡಿದರೆ ಅದಕ್ಕೇನು ತೊಂದರೆ, ಜನ ಅಭ್ಯಾಸವಾಗಿರುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಮೈಸೂರಿನವಳು. ಅಪ್ಪನ ಕೈಹಿಡಿದು ಹೋದ ಕಾಲದಿಂದ ಇಲ್ಲಿನ ಮೃಗಾಲಯಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನಾನೂ ಬಹಳ ವರ್ಷ ನಿಮ್ಮ ಹಾಗೆಯೇ ಅಂದುಕೊಂಡಿದ್ದೆ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಸಿಂಗಳೀಕದಿಂದಲೇ ಶುರುಮಾಡುತ್ತೇನೆ, ನಮ್ಮ ಪಶ್ಚಿಮಘಟ್ಟದ ಜೀವ ಅದು. ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಮರದ ನೆತ್ತಿಯಲ್ಲೇ ಬಾಳುವ, ನೆಲಕ್ಕಿಳಿಯುವುದೇ ಅಪರೂಪವಾದ ನಾಚಿಕೆಯ ಕೋತಿ. ಭಾರತದ ಎಂಟು ಮೃಗಾಲಯಗಳ ಸಿಂಗಳೀಕಗಳನ್ನು ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಜನರಿದ್ದಾಗ ಅವುಗಳ ಅಸಹಜ ನಡವಳಿಕೆ ಹೆಚ್ಚುತ್ತಿತ್ತು. ಜನರ ಕಣ್ಣಿಗೆ ಬೀಳದ ಜಾಗಕ್ಕೆ ಸಾಗಿಸಿದಾಗ ಕಡಿಮೆಯಾಗುತ್ತಿತ್ತು. ತನ್ನ ಮೈಯನ್ನು ತಾನೇ ಕಚ್ಚಿಕೊಳ್ಳುವುದು ಅಂಥದ್ದರಲ್ಲಿ ಒಂದು. ಕೈಚಾಚಿ ತಿಂಡಿ ಬೇಡುವುದೂ ಅದೇ ಪಟ್ಟಿಯಲ್ಲಿದೆ. "ನೋಡು, ಹೆಂಗೆ ಕೇಳ್ತಾ ಇದೆ!" ಎಂದು ನಾವು ಮಕ್ಕಳನ್ನು ಎತ್ತಿ ತೋರಿಸುತ್ತೇವಲ್ಲ, ಅದೇ. ಅದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ನಾನೂ ಹಾಗೆ ಮಗಳಿಗೆ ತೋರಿಸಿದ್ದೆ.

ಕೋತಿಗಳಲ್ಲಿ ಕಣ್ಣಿಗೆ ಕಣ್ಣಿಟ್ಟು ನೋಡುವುದೆಂದರೆ ಜಗಳಕ್ಕೆ ಕರೆದಂತೆ. ನಾವು ಬೇಲಿಗೆ ಒರಗಿ ಮಾಡುವುದು ಅದನ್ನೇ, ಅದೂ ದಿನವಿಡೀ ಸರದಿಯಲ್ಲಿ. ಕಾಡಿನಲ್ಲಾದರೆ ಎಲೆಮರೆಗೆ ಹೋಗಿಬಿಡಬಹುದು. ಬೋನಿನಲ್ಲಿ ಆ ಮರೆ ಎಲ್ಲಿದೆ? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ: ಜನ ಬರುವುದಕ್ಕಿಂತಲೂ, ಬಂದಾಗ ಮರೆಯಾಗಲು ಜಾಗವಿಲ್ಲದಿರುವುದೇ ದೊಡ್ಡ ಹಿಂಸೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಮೃಗಾಲಯದಲ್ಲಿ ಗೊರಿಲ್ಲಾಗಳ ಗಾಜಿನ ಮುಂದೆ ಮರೆಮಾಚುವ ಬಲೆಯೊಂದನ್ನು ಇಳಿಬಿಟ್ಟು ನೋಡಿದರು. ಅವುಗಳ ಕಾದಾಟವೂ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಗೀಳೂ ತಗ್ಗಿದವು. ಬರೀ ಒಂದು ಬಲೆ! ಅಷ್ಟಕ್ಕೂ ನೋಡುಗರು ಬೇಸರಪಡಲಿಲ್ಲ.

ಎಲ್ಲ ಪ್ರಾಣಿಗಳೂ ಒಂದೇ ಥರ ಅಲ್ಲ ಎಂಬುದೂ ನಿಜ. 2020ರಲ್ಲಿ ಕೊರೊನಾದಿಂದ ಬಾಗಿಲು ಹಾಕಿದ್ದಾಗ ಟೋಕಿಯೊದ ಸುಮಿದಾ ಅಕ್ವೇರಿಯಂನಲ್ಲಿ ಮರಳಲ್ಲಿ ಬಿಲ ತೋಡಿಕೊಂಡಿರುವ ಪುಟ್ಟ ಈಲ್ ಮೀನುಗಳು ಮನುಷ್ಯರನ್ನೇ ಮರೆತು, ಸಿಬ್ಬಂದಿ ಹತ್ತಿರ ಬಂದರೂ ಒಳಸೇರತೊಡಗಿದವು. ಕೊನೆಗೆ ಜನರನ್ನು ವಿಡಿಯೊ ಕಾಲ್ ಮಾಡಿ ಮುಖ ತೋರಿಸಿ ಎಂದು ಕೇಳಿಕೊಂಡರು. ಅಂದರೆ ಅಭ್ಯಾಸ ಎಂಬುದು ಇದೆ, ಆದರೆ ಈಲ್ ಮೀನಿನ ಮಾತನ್ನು ಸಿಂಗಳೀಕಕ್ಕೆ ಅನ್ವಯಿಸಲಾಗದು.

ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ, ನಾನೇ ಹೋಗುತ್ತೇನೆ. ದಸರಾ ರಜೆಯ ನೂಕುನುಗ್ಗಲು ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೋಗಿ (ಮೈಸೂರಿನಲ್ಲಿ ಮಂಗಳವಾರ ರಜೆ). ಗಾಜು ತಟ್ಟಬೇಡಿ, ಕೂಗಬೇಡಿ, ತಿಂಡಿ ಎಸೆಯಬೇಡಿ. ಮೃಗಾಲಯದ ಪ್ರಾಣಿಯನ್ನು ರೇಗಿಸುವುದು, ಅದಕ್ಕೆ ತಿನ್ನಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಕೋತಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಡಿ. ನೋಡುಗರು ಹೀಗೆ ತಗ್ಗಿದಾಗ ಕೋತಿಗಳ ಗಲಿಬಿಲಿ ಕಡಿಮೆಯಾಯಿತೆಂದು 1988ರಷ್ಟು ಹಿಂದೆಯೇ ಕಂಡುಕೊಂಡಿದ್ದಾರೆ. ಪ್ರಾಣಿ ಕಾಣದಿದ್ದರೆ ಅದು ಮಲಗಿದೆ ಎಂದುಕೊಂಡು ಮುಂದಿನ ಆವರಣಕ್ಕೆ ನಡೆಯಿರಿ.