ಕಾಸು ನಿಲ್ಲದ ಮೊದಲ ವರ್ಷ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಮೊತ್ತಗಳನ್ನೆಲ್ಲ, ತಿಂಗಳ ಸಂಬಳ 100 ಎಂದಿಟ್ಟುಕೊಂಡು ಬರೆದಿದೆ.)

ಸಲಹಾರ್ಥಿ 24ರ ಯುವಕ, ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಮಾತಾಡುತ್ತಾ ಹೋದಂತೆ ನಿದ್ದೆಗೆಡಿಸುತ್ತಿದ್ದುದು ದುಡ್ಡು ಎಂದು ಗೊತ್ತಾಯಿತು. “ಜೊತೆಗೆ ಸೇರಿದವರೆಲ್ಲ ಏನೋ ಒಂದಿಷ್ಟು ಉಳಿಸಿದ್ದಾರೆ ಸರ್. ನನ್ನ ಕೈಲಿ ಕಾಸೇ ನಿಲ್ಲಲ್ಲ. ನನಗೆ ಶಿಸ್ತಿಲ್ಲ.”

ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ಇಬ್ಬರೂ ಕೂತು ನೋಡಿದೆವು. ಮೂರೂ ತಿಂಗಳು ಒಂದೇ ಕಥೆ: ಸಂಬಳ ಬಂದ ಮರುದಿನ 30 ಇನ್ನೊಂದು ಖಾತೆಗೆ. 12ನೇ ತಾರೀಖಿನ ಹೊತ್ತಿಗೆ 5 ವಾಪಸ್, 17ನೇ ತಾರೀಖಿಗೆ ಇನ್ನೊಂದು 10, ನಾಲ್ಕನೇ ವಾರಕ್ಕೆ ಉಳಿದದ್ದೂ ವಾಪಸ್. ಖರ್ಚಿನ ಕಡೆ ಬಾಡಿಗೆ 28, ಮನೆಗೆ ಕಳಿಸುವುದು 20, ಊಟ 18, ಓಡಾಟ 7, ಫೋನಿನ ಕಂತು 9, ಕ್ರೆಡಿಟ್ ಕಾರ್ಡಿನ ಕನಿಷ್ಠ ಪಾವತಿ 3. ಒಟ್ಟು 85. ಅಂದರೆ ಏನೂ ಮಾಡದೆ ಕೂತರೂ ಉಳಿಯುವುದು 15, ಎತ್ತಿಡುತ್ತಿದ್ದುದು 30. ಯಾರೇ ಆಗಿದ್ದರೂ ವಾಪಸ್ ತೆಗೆಯಲೇಬೇಕಿತ್ತು. ಇದನ್ನು ಕಾಗದದ ಮೇಲೆ ನೋಡಿದ ಮೇಲೆ ‘ಶಿಸ್ತಿಲ್ಲ’ ಎಂಬ ಮಾತು ಅವರ ಬಾಯಲ್ಲಿ ಕಡಿಮೆಯಾಯಿತು. ಮೊದಲ ಭೇಟಿಗೆ ಅಷ್ಟು ಸಾಕಿತ್ತು.

ಉಳಿದ 15 ಎಲ್ಲಿ ಹೋಗುತ್ತಿದೆ ಎಂದು ಒಂದು ತಿಂಗಳು ಬರೆದಿಡಲು ಹೇಳಿದೆ. ಖರ್ಚು ತಗ್ಗಿಸುವುದು ಬೇಡ, ಬರೆದರೆ ಸಾಕು. ಬರೆಯುವಾಗಲೇ ತಗ್ಗಿಸಹೊರಟವರು ಎರಡನೇ ವಾರಕ್ಕೆ ಬರೆಯುವುದನ್ನೇ ಬಿಡುತ್ತಾರೆ. ಸಿಕ್ಕ ಉತ್ತರ: ತಾನಾಗಿ ನವೀಕರಣವಾಗುವ ಮೂರು ಚಂದಾಗಳಿಗೆ 2 (ಎರಡನ್ನು ತಿಂಗಳುಗಟ್ಟಲೆ ತೆರೆದೇ ಇಲ್ಲ), ಸಹೋದ್ಯೋಗಿಗಳಿಗೆ ಕೈಗಡ 4, ಉಳಿದದ್ದು ರಾತ್ರಿ ಹನ್ನೊಂದರ ಮೇಲಿನ ಆನ್‌ಲೈನ್ ಖರೀದಿ ಮತ್ತು ‘ಅನಿರೀಕ್ಷಿತ’ ಖರ್ಚು. ಈ ಅನಿರೀಕ್ಷಿತದ ಪಟ್ಟಿಯಲ್ಲಿದ್ದವು ಗಾಡಿಯ ವಿಮೆ, ಸರ್ವಿಸ್, ಬಟ್ಟೆ, ಉಡುಗೊರೆ. ಇವೆಲ್ಲ ವರ್ಷಕ್ಕೊಮ್ಮೆ ಬಂದೇ ಬರುವಂಥವು. ಕೂಡಿದರೆ ವರ್ಷಕ್ಕೆ 36, ಅಂದರೆ ತಿಂಗಳಿಗೆ 3.

ಕಾರ್ಡಿನ ಬಾಕಿ 60, ಬಡ್ಡಿ ತಿಂಗಳಿಗೆ ಶೇ 3. ಅವರು ಕಟ್ಟುತ್ತಿದ್ದ 3ರಲ್ಲಿ 1.8 ಬಡ್ಡಿಗೇ ಹೋಗುತ್ತಿತ್ತು, ಅಸಲಿಗೆ 1.2 ಮಾತ್ರ. ಬಾಕಿ ಇರುವಾಗ ಹೊಸ ಖರೀದಿಗೂ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳು ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೆಳೆಯರೊಬ್ಬರ ಮಾತು ಕೇಳಿ ಷೇರಿಗೆ ಹಣ ಹಾಕುವ ಯೋಚನೆಯೂ ಇತ್ತು. ಅದಕ್ಕೆ 72ರ ಲೆಕ್ಕ ತೋರಿಸಿದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ಕಾಲಕ್ಕೆ ದುಪ್ಪಟ್ಟಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ವರ್ಷಕ್ಕೆ ಶೇ 8 ಬಂದರೆ 9 ವರ್ಷ. ತಿಂಗಳಿಗೆ ಶೇ 3ರ ಸಾಲವನ್ನು ಹಾಗೇ ಬಿಟ್ಟರೆ 24 ತಿಂಗಳು. ಮುಂದೆ ವಿವರಿಸಬೇಕಾಗಲಿಲ್ಲ.

ಹಾಗೆಂದು ಇದ್ದಬದ್ದದ್ದನ್ನೆಲ್ಲ ಕಾರ್ಡಿಗೇ ಸುರಿಯಿರಿ ಎಂದೂ ಹೇಳಲಿಲ್ಲ. ಕೈಯಲ್ಲಿ ಏನೂ ಇಲ್ಲದವರಿಗೆ ಒಂದು ಜ್ವರ ಬಂದರೂ ಮತ್ತೆ ಕಾರ್ಡೇ ಗತಿ. ಹಾಗಾಗಿ ಎರಡೂ ಒಟ್ಟಿಗೆ: ಕಾರ್ಡಿಗೆ ಪ್ರತಿ ತಿಂಗಳು 8, ಆಪತ್ತಿನ ಹಣಕ್ಕೆ 4, ವರ್ಷದ ಖರ್ಚಿಗೆ 3. ಊಟ 18ರಿಂದ 15ಕ್ಕೆ, ಚಂದಾ ರದ್ದು, ಕಾರ್ಡ್ ಮನೆಯಲ್ಲೇ, ಅದರ ನಂಬರು ಯಾವ ಆ್ಯಪ್‌ನಲ್ಲೂ ಇರಕೂಡದು. ಕೈಖರ್ಚಿಗೆ 6 ಬಿಟ್ಟೆವು. ಅದನ್ನೂ ಕಿತ್ತುಕೊಂಡ ಯೋಜನೆ ಎರಡನೇ ತಿಂಗಳು ದಾಟುವುದಿಲ್ಲ.

ಫೋನಿನ ಕಂತು ಐದು ತಿಂಗಳಲ್ಲಿ ಮುಗಿಯುವುದಿತ್ತು. ಆರನೇ ತಿಂಗಳಿಂದ ಆ 9 ನೇರ ಕಾರ್ಡಿಗೆ, ಹೊಸ ಫೋನಿಗಲ್ಲ. ಹೀಗಾದರೆ ಕಾರ್ಡಿನ ಬಾಕಿ ಏಳನೇ ತಿಂಗಳಲ್ಲಿ ತೀರುತ್ತದೆ. ಅಷ್ಟರಲ್ಲಿ ಆಪತ್ತಿನ ಹಣ 28 ಆಗಿರುತ್ತದೆ. ಆಮೇಲೆ ಬಿಡುವಾಗುವ 17ರಲ್ಲಿ 4 ಸ್ವಂತಕ್ಕೆ, 13 ಆಪತ್ತಿನ ಹಣಕ್ಕೆ. ಮೊದಲಿನ 4 ಸೇರಿ ತಿಂಗಳಿಗೆ 17. ಬಾಡಿಗೆ, ಮನೆ, ಊಟ, ಓಡಾಟ ಕೂಡಿ ತಿಂಗಳಿಗೆ 70 ಬೇಕು. ಮೂರು ತಿಂಗಳಿಗಾಗುವ 210 ಕೂಡುವ ಹೊತ್ತಿಗೆ ಒಟ್ಟು ಒಂದೂವರೆ ವರ್ಷ. “ಅಷ್ಟೊಂದಾ?” ಎಂದರು. ಹೌದು, ಅಷ್ಟು. ಷೇರು, ಫಂಡುಗಳ ಮಾತು ಅದಾದ ಮೇಲೆ.

ಹಣ ಎಲ್ಲಿಡಬೇಕು ಎಂಬುದೂ ಮುಖ್ಯ. ಅದೇ ಆ್ಯಪ್‌ನಲ್ಲಿ ಪಕ್ಕದಲ್ಲೇ ಕಾಣುವ ಖಾತೆ ಬೇಡ. ಬೇರೆ ಬ್ಯಾಂಕು, ಡೆಬಿಟ್ ಕಾರ್ಡ್ ಇಲ್ಲ, ಫೋನಿನಲ್ಲಿ ಆ್ಯಪ್ ಇಲ್ಲ. ಆದರೆ ಬೇಕೆಂದಾಗ ಒಂದೆರಡು ದಿನದೊಳಗೆ ಸಿಗಬೇಕು. ದಂಡ ಕಟ್ಟಿ ಬಿಡಿಸಿಕೊಳ್ಳುವ ದೀರ್ಘಾವಧಿ ಠೇವಣಿ ಇದಕ್ಕೆ ಒಗ್ಗುವುದಿಲ್ಲ. ಆಪತ್ತು ಎಂದರೆ ಕೆಲಸ ಹೋಗುವುದು, ಕಾಯಿಲೆ, ಕೆಲಸಕ್ಕೆ ಬೇಕೇ ಬೇಕಾದ ವಸ್ತು ಕೆಡುವುದು. ರಿಯಾಯಿತಿ ಮಾರಾಟ ಆಪತ್ತಲ್ಲ. ಊಟ ಮತ್ತು ಕೈಖರ್ಚಿನ 21ನ್ನು ವಾರಕ್ಕೆ 5ರಂತೆ ಬೇರೆ ವ್ಯಾಲೆಟ್‌ಗೆ ಹಾಕಿಕೊಳ್ಳಲು ಹೇಳಿದೆ. ತಿಂಗಳೆಂದರೆ ನಾಲ್ಕೇ ವಾರ ಎಂದು ಪೂರ್ತಿ ಹಂಚಿಬಿಟ್ಟರೆ ಕೊನೆಯ ಎರಡು ಮೂರು ದಿನ ಕೈಕೊಡುತ್ತವೆ. ಮಿಕ್ಕ 1 ಆ ದಿನಗಳಿಗೆ.

ಎರಡನೇ ತಿಂಗಳು ಎಡವಟ್ಟಾಯಿತು. ರಜೆ ಬಂದು ಸಂಬಳ ಎರಡು ದಿನ ತಡ. ಸಂಬಳದ ದಿನಕ್ಕೇ ಇಟ್ಟಿದ್ದ ಸ್ವಯಂ ವರ್ಗಾವಣೆ ವಿಫಲವಾಗಿ, ಬ್ಯಾಂಕು ಶುಲ್ಕ ಹಿಡಿಯಿತು. ದಿನಾಂಕವನ್ನು ಸಂಬಳದ ದಿನದಿಂದ ಮೂರು ದಿನ ಮುಂದಕ್ಕೆ ಹಾಕಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಕೈಗಡದ ವಿಷಯ ಹಣಕ್ಕಿಂತ ಸಂಕೋಚದ್ದು. ‘ಇಲ್ಲ’ ಎನ್ನಲು ಬಾರದವರಿಗೆ ಒಂದು ಸಿದ್ಧ ವಾಕ್ಯ ಬೇಕಾಗುತ್ತದೆ: “ಸಂಬಳ ಬಂದ ತಕ್ಷಣ ಸಾಲಕ್ಕೆ ಹೋಗತ್ತೆ ಮಾರಾಯ, ಕೈಯಲ್ಲಿಲ್ಲ.” ಇದು ನಿಜವೂ ಹೌದು, ಆದ್ದರಿಂದ ಹೇಳುವುದು ಸುಲಭ. ಮನೆಯಲ್ಲಿ ಮಾತಾಡುವುದು ಅದಕ್ಕಿಂತ ಕಷ್ಟವಾಯಿತು. ಕಾರ್ಡಿನ ಸಾಲ ತಾಯಿಗೆ ಗೊತ್ತಿರಲಿಲ್ಲ. ಮಗನ ಕೈಯಲ್ಲಿ ಇದೆ ಎಂದೇ ಅವರು ಇನ್ನಷ್ಟು ಕೇಳುತ್ತಿದ್ದರು. ಏನು ಹೇಳಬೇಕೆಂದು ಇಲ್ಲೇ ಅಭ್ಯಾಸ ಮಾಡಿಸಿದೆ: “ಅಮ್ಮಾ, ಒಂದು ಸಾಲ ಇದೆ. ಏಳು ತಿಂಗಳಲ್ಲಿ ತೀರತ್ತೆ. ಅಲ್ಲೀವರೆಗೆ ಈಗ ಕಳಿಸ್ತಿರೋದಷ್ಟೇ ಕಳಿಸ್ತೀನಿ.” ಬೈಗುಳ ಬಿತ್ತಂತೆ. ಆದರೆ ಹೆಚ್ಚು ಕೇಳುವುದು ನಿಂತಿದೆ, ನಿದ್ದೆಯೂ ಪರವಾಗಿಲ್ಲ ಎನ್ನುತ್ತಾರೆ.

ಮುಂದಿನ ಭೇಟಿ ಸಂಬಳ ಏರುವ ತಿಂಗಳಿಗೆ ಮುಂಚೆ. ಏರುವ ಮೊತ್ತದಲ್ಲಿ ಅರ್ಧದಷ್ಟು ಸ್ವಯಂ ವರ್ಗಾವಣೆಗೆ ಸೇರಬೇಕು, ಅದೂ ಹೊಸ ಸಂಬಳ ಖಾತೆಗೆ ಬೀಳುವ ಮೊದಲೇ.